ಚರಿತ್ರೆ ಓದುವವನ ಹೊಟ್ಟೆಪಾಡು

ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಅನ್ನು ನಿಲ್ಲಿಸುವುದಾಗಿ 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರ ಲೋಕಸಭೆಯಲ್ಲಿ ತಿಳಿಸಿತು. ಇತರ ಯೋಜನೆಗಳಲ್ಲೂ ಇದೇ ನೆರವು ಸಿಗುತ್ತದೆ ಎಂಬುದು ಅದು ನೀಡಿದ ಕಾರಣ. ಸಾಚಾರ್ ಸಮಿತಿಯ ವರದಿಯ ಬೆನ್ನಿಗೆ 2009ರಲ್ಲಿ ಆರಂಭವಾದ ಈ ಯೋಜನೆ ಅಲ್ಪಸಂಖ್ಯಾತ ಸಮುದಾಯಗಳ ಎಂ.ಫಿಲ್. ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಆಸರೆಯಾಗಿತ್ತು. ನಾವು ಅಂದೂ ಆ ನಿರ್ಧಾರವನ್ನು ಒಪ್ಪಿರಲಿಲ್ಲ, ಇಂದೂ ಒಪ್ಪುವುದಿಲ್ಲ. ಆದರೆ ಸರಕಾರವನ್ನು ದೂರಿದ ಬಳಿಕ ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದು ಉಳಿಯುತ್ತದೆ. ಆ ವಿದ್ಯಾರ್ಥಿಗಾಗಿ ಸಮುದಾಯ ಏನು ಮಾಡಿದೆ?

ವೈದ್ಯಕೀಯ ಸೀಟು ಪಡೆದವನಿಗೆ ದಾನಿಗಳು ಸಿಗುತ್ತಾರೆ. ಇಂಜಿನಿಯರಿಂಗ್ ವಿದ್ಯಾರ್ಥಿಗೂ ಸಿಗುತ್ತಾರೆ. ಇತಿಹಾಸದಲ್ಲಿ ಎಂ.ಎ. ಮುಗಿಸಿ ಸಂಶೋಧನೆಗೆ ಹೊರಟವನು ಬಾಗಿಲು ತಟ್ಟಿದರೆ, 'ಅದನ್ನು ಓದಿ ಏನು ಮಾಡುತ್ತೀ?' ಎಂಬ ಪ್ರಶ್ನೆ ಎದುರಾಗುತ್ತದೆ. (ರ‍್ಯಾಂಕ್ ಪಡೆದ ವೈದ್ಯರ ಭಾವಚಿತ್ರಗಳನ್ನು ಸಂಭ್ರಮದಿಂದ ಪ್ರಕಟಿಸುವ ಪತ್ರಿಕೆಗಳಾದ ನಾವೂ ಇದರಲ್ಲಿ ನಿರ್ದೋಷಿಗಳಲ್ಲ.) ಅದೇ ದಾನಿಗಳು, 2023ರಲ್ಲಿ ಎನ್‌ಸಿಇಆರ್‌ಟಿಯು ಹನ್ನೆರಡನೇ ತರಗತಿಯ ಪಠ್ಯದಿಂದ ಮೊಘಲ್ ಆಸ್ಥಾನದ ಅಧ್ಯಾಯವನ್ನು ಕೈಬಿಟ್ಟಾಗ ಕಳವಳಗೊಂಡರು. ಟಿಪ್ಪುವಿನ ವಿವಾದ ಎದ್ದಾಗಲೆಲ್ಲ ಪತ್ರಿಕಾ ಹೇಳಿಕೆಗಳಿಗೆ ಬರವಿಲ್ಲ. ಆದರೆ ಅವನ ಕಾಲದ ಫಾರ್ಸಿ ದಾಖಲೆಗಳನ್ನು ಮೂಲದಲ್ಲೇ ಓದಿ ಕನ್ನಡದಲ್ಲಿ ಉತ್ತರಿಸಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ಬಿಜಾಪುರದ ಸೂಫಿಗಳ ಬಗ್ಗೆ ಇಂದಿಗೂ ಎಲ್ಲರೂ ಆಧರಿಸುವ ಗ್ರಂಥವನ್ನು 1978ರಲ್ಲಿ ಪ್ರಕಟಿಸಿದವರು ರಿಚರ್ಡ್ ಈಟನ್ ಎಂಬ ಅಮೆರಿಕನ್ ವಿದ್ವಾಂಸರು. ಅವರ ಪರಿಶ್ರಮಕ್ಕೆ ನಾವು ಋಣಿಗಳು. ನಮ್ಮ ಬಗ್ಗೆ ಮಾತ್ರ ನಾಚಿಕೆಯಾಗುತ್ತದೆ.

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇತಿಹಾಸದ ಪಿಎಚ್.ಡಿ. ವಿದ್ಯಾರ್ಥಿ ಸಾಮಾನ್ಯವಾಗಿ ಸಹಾಯಕ ಬೋಧಕನಾಗಿ ದುಡಿಯುತ್ತಾನೆ. ಪದವಿ ತರಗತಿಗಳ ಚರ್ಚೆ ನಡೆಸುತ್ತಾನೆ, ಉತ್ತರಪತ್ರಿಕೆ ತಿದ್ದುತ್ತಾನೆ. ಪ್ರತಿಯಾಗಿ ಶುಲ್ಕದ ವಿನಾಯಿತಿ ಮತ್ತು ಮಾಸಿಕ ವೇತನ ಪಡೆಯುತ್ತಾನೆ. ಅದರ ಜೊತೆಗೆ ಹಳೆಯ ವಿದ್ಯಾರ್ಥಿಗಳು ಇಟ್ಟ ದತ್ತಿನಿಧಿಗಳಿವೆ. ಮೂಲಧನವನ್ನು ಮುಟ್ಟದೆ ವಾರ್ಷಿಕ ಆದಾಯದಿಂದ ದಾಖಲೆಗಾರಗಳಿಗೆ ಹೋಗುವ ಪ್ರಯಾಣ ವೆಚ್ಚ, ಭಾಷಾ ಕಲಿಕೆಯ ವೆಚ್ಚ ಭರಿಸಲಾಗುತ್ತದೆ. ನಮ್ಮಲ್ಲಿ ಸಂಶೋಧಕರಿಗೆ ವಾರಕ್ಕೆ ನಾಲ್ಕರಿಂದ ಆರು ಗಂಟೆ ಬೋಧನೆ ಅಥವಾ ಸಂಶೋಧನೆಯ ಸಹಾಯಕ ಕೆಲಸ ವಹಿಸಬಹುದೆಂದು ಯುಜಿಸಿಯ 2022ರ ನಿಯಮಾವಳಿ ಹೇಳುತ್ತದೆ. ಅದು ಬಿಟ್ಟಿ ದುಡಿಮೆಯಾಗದಂತೆ ನೋಡಿಕೊಳ್ಳುವ ಹೊಣೆ ವಿಶ್ವವಿದ್ಯಾಲಯಗಳದ್ದು.

ಈ ವ್ಯವಸ್ಥೆ ನಮಗೆ ಪರಕೀಯವೇನಲ್ಲ. ಬೀದರ್‌ನಲ್ಲಿ 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದ್ರಸದಲ್ಲಿ ಪಾಠದ ಹಜಾರಗಳ ಜೊತೆಗೆ ಗ್ರಂಥಾಲಯವಿತ್ತು, ವಿದ್ಯಾರ್ಥಿಗಳು ತಂಗುವ ಕೊಠಡಿಗಳಿದ್ದವು. ಓದುವವನಿಗೆ ಸೂರು ಬೇಕೆಂಬುದು ಆ ಮಂತ್ರಿಗೆ ತಿಳಿದಿತ್ತು.

ಲೆಕ್ಕ ಹಾಕೋಣ. ಯುಜಿಸಿಯು 2023ರ ಜನವರಿಯಿಂದ ಜೆಆರ್‌ಎಫ್ ಮೊತ್ತವನ್ನು ತಿಂಗಳಿಗೆ 37,000 ರೂಪಾಯಿಗೆ ಏರಿಸಿತು. ಅಷ್ಟನ್ನೇ ಒಬ್ಬ ವಿದ್ಯಾರ್ಥಿಗೆ ನೀಡಿದರೂ ವರ್ಷಕ್ಕೆ 4,44,000 ರೂಪಾಯಿ. ನಮ್ಮ ನಗರಗಳ ಮದುವೆ ಮಂಟಪಗಳಲ್ಲಿ ಒಂದೇ ರಾತ್ರಿಯ ಔತಣಕ್ಕೆ ಇದಕ್ಕಿಂತ ಹೆಚ್ಚು ಸುರಿಯುವವರಿದ್ದಾರೆ. ಪೇಟೆಯ ಮಧ್ಯೆ ಮಳಿಗೆಗಳಿರುವ ಯಾವುದೇ ಜಮಾಅತ್ ಎರಡು ಮೂರು ಮಳಿಗೆಗಳ ಬಾಡಿಗೆಯನ್ನು ಇದಕ್ಕೆಂದೇ ಮೀಸಲಿಡಬಹುದು. ಆಯ್ಕೆಯನ್ನು ಆಡಳಿತ ಮಂಡಳಿಯ ಸಂಬಂಧಿಕರಿಗಲ್ಲ, ವಿಷಯ ಬಲ್ಲ ಪ್ರಾಧ್ಯಾಪಕರಿಗೆ ಒಪ್ಪಿಸಬೇಕು. ಫಾರ್ಸಿ, ದಖನಿ ಅಥವಾ ಮೋಡಿ ಲಿಪಿ ಕಲಿಯಲು ಸಿದ್ಧನಿರುವ ಯಾವ ಧರ್ಮದ ವಿದ್ಯಾರ್ಥಿಗೂ ಅದು ತೆರೆದಿರಬೇಕು.

ಇನ್ನೊಂದು ಮಾತನ್ನು ದಾನಿಗಳಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಣ ಕೊಟ್ಟವರು ತೀರ್ಮಾನವನ್ನು ಬರೆದುಕೊಡುವಂತಿಲ್ಲ. ಸಂಶೋಧಕ ನಮ್ಮ ಸುಲ್ತಾನರ ತಪ್ಪುಗಳನ್ನು ದಾಖಲೆಗಳಲ್ಲಿ ಕಂಡರೆ ಅದನ್ನೂ ಬರೆಯುತ್ತಾನೆ. ಆಗಲೂ ಮುಂದಿನ ತಿಂಗಳ ಹಣ ಅವನಿಗೆ ಸಕಾಲದಲ್ಲಿ ತಲುಪಬೇಕು.