ರಣಹದ್ದನ್ನು ಕೊಂದವರು ಯಾರು?

ವನ್ಯಜೀವಿಗಳ ನಾಶಕ್ಕೆ ಕಾರಣರಾರೆಂದು ಕೇಳಿದರೆ ನಮ್ಮ ಉತ್ತರ ಸದಾ ಸಿದ್ಧವಾಗಿರುತ್ತದೆ: ಬಂದೂಕು ಹಿಡಿದ ಬೇಟೆಗಾರ, ಕೊಡಲಿ ಹಿಡಿದ ಬಡವ. ಅಪರಾಧಿ ಯಾವಾಗಲೂ ಬೇರೆಯವನೇ. ಅವನಿರುವುದೂ ದೂರದ ಕಾಡಿನಲ್ಲಿಯೇ. ನಮ್ಮ ಈ ನೆಮ್ಮದಿಯನ್ನು ಕದಡುವ ಸಾವೊಂದರ ವಿಚಾರವನ್ನು ನಿಮ್ಮ ಮುಂದಿಡಬಯಸುತ್ತೇನೆ.

ಒಂದು ಕಾಲದಲ್ಲಿ ಭಾರತದ ರಣಹದ್ದುಗಳನ್ನು ಕೋಟಿಗಳ ಲೆಕ್ಕದಲ್ಲಿ ಅಂದಾಜಿಸಲಾಗುತ್ತಿತ್ತು. ಊರ ಹೊರಗೆ ಎಸೆದ ದನದ ಹೆಣವನ್ನು ಮೂಳೆಯಷ್ಟೇ ಉಳಿಯುವಂತೆ ತಿಂದು, ಕೂಲಿ ಕೇಳದೆ ನೆಲವನ್ನು ಶುಚಿಗೊಳಿಸುತ್ತಿದ್ದ ಪಕ್ಷಿಗಳವು. 1992ರಿಂದ 2007ರೊಳಗೆ ಬಿಳಿಬೆನ್ನಿನ ರಣಹದ್ದುಗಳಲ್ಲಿ ಸಾವಿರಕ್ಕೆ ಒಂದರಷ್ಟು ಮಾತ್ರ ಉಳಿದವು. ಕೊಂದದ್ದು ಬಂದೂಕಲ್ಲ, ಕೊಡಲಿಯೂ ಅಲ್ಲ; ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಅಗ್ಗದ ಔಷಧಿ. ಅದು ಉಳಿದಿದ್ದ ಹೆಣವನ್ನು ತಿಂದ ಹದ್ದುಗಳ ಮೂತ್ರಪಿಂಡಗಳು ಕೆಡುತ್ತಿದ್ದವೆಂಬುದು 2004ರಲ್ಲಿ ಬೆಳಕಿಗೆ ಬಂದಿತು. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ವಿಷಪೂರಿತವಾಗಿದ್ದರೂ ಈ ಸಂತತಿ ಅಳಿಯಲು ಸಾಕೆಂದು ವಿಜ್ಞಾನಿಗಳು ಲೆಕ್ಕಹಾಕಿದರು.

ಸರ್ಕಾರ 2006ರಲ್ಲಿ ಜಾನುವಾರುಗಳಿಗೆ ಇದರ ಬಳಕೆಯನ್ನು ನಿಷೇಧಿಸಿತು. ನಾವೇನು ಮಾಡಿದೆವು? ಮನುಷ್ಯರಿಗೆಂದು ತಯಾರಾದ ದೊಡ್ಡ ಸೀಸೆಗಳಿಂದಲೇ ದನಗಳಿಗೆ ಚುಚ್ಚಿದೆವು. ಆ ಸೀಸೆಯನ್ನು 3 ಮಿಲಿಲೀಟರಿಗೆ ಮಿತಿಗೊಳಿಸಲು 2015 ಬರಬೇಕಾಯಿತು. ದನದ ದೇಹದೊಳಗೆ ಡೈಕ್ಲೋಫೆನಾಕ್ ಆಗಿಯೇ ಮಾರ್ಪಡುವ ಅಸಿಕ್ಲೋಫೆನಾಕನ್ನು ನಿಷೇಧಿಸಲು 2023 ಬರಬೇಕಾಯಿತು. ಹೆಸರು ಬದಲಾಗಿತ್ತು, ವಿಷ ಬದಲಾಗಿರಲಿಲ್ಲ.

‘ಹಾಗಾದರೆ ರೈತನ ಹಸು ನೋವಿನಿಂದ ನರಳಬೇಕೇ?’ ಎಂದು ನೀವು ಕೇಳಬಹುದು. ಖಂಡಿತ ಬೇಡ. ಹದ್ದುಗಳಿಗೆ ಅಪಾಯವಿಲ್ಲದ ಮೆಲಾಕ್ಸಿಕಾಮ್ ಎಂಬ ಔಷಧಿ ಇದೆ. ಆದುದರಿಂದ ತಪ್ಪನ್ನು ರೈತನ ತಲೆಗೆ ಕಟ್ಟುವುದು ಅನ್ಯಾಯ. ಅವನು ಕೈಗೆ ಸಿಕ್ಕಿದ್ದನ್ನು ಕೊಂಡನು. ತಿಳಿದೂ ತಯಾರಿಸಿದವರು, ತಿಳಿದೂ ಮಾರಿದವರು, ತಿಳಿದೂ ಸುಮ್ಮನಿದ್ದವರು ಉತ್ತರ ಕೊಡಬೇಕು.

ಉದ್ದಕೊಕ್ಕಿನ ರಣಹದ್ದುಗಳಿಗಾಗಿ ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಯಿತು. ಒಳ್ಳೆಯ ಕೆಲಸವೇ. ಆದರೆ ಬೆಟ್ಟಕ್ಕೆ ಬೇಲಿ ಹಾಕಬಹುದು, ಆಕಾಶಕ್ಕೆ ಹಾಕಲಾದೀತೇ? ಆಹಾರ ಹುಡುಕಿ ಹತ್ತಾರು ಮೈಲಿ ಹಾರುವ ಹಕ್ಕಿಯ ಅಳಿವು ಉಳಿವು ನಿರ್ಧಾರವಾಗುವುದು ಧಾಮದಲ್ಲಲ್ಲ, ನಮ್ಮೂರ ಕೊಟ್ಟಿಗೆಯಲ್ಲಿ ಮತ್ತು ಔಷಧಿ ಅಂಗಡಿಯಲ್ಲಿ.

ಇದು ಕೇವಲ ಹಕ್ಕಿಯ ಪ್ರಶ್ನೆಯೆಂದು ಭಾವಿಸದಿರಿ. ಹದ್ದುಗಳಿಲ್ಲದೆ ಕೊಳೆತ ಹೆಣಗಳು ನೀರನ್ನು ಕೆಡಿಸಿದವು, ಬೀದಿನಾಯಿಗಳು ಹೆಚ್ಚಿದವು. 2000ದಿಂದ 2005ರವರೆಗೆ ಇದರಿಂದ ಸುಮಾರು 5 ಲಕ್ಷ ಮಂದಿ ಹೆಚ್ಚುವರಿಯಾಗಿ ಸತ್ತರೆಂದು ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು ಅಂದಾಜಿಸಿದೆ. ನಾವು ಅಸಹ್ಯದಿಂದ ಮುಖ ತಿರುಗಿಸಿದ ಜೀವಿಯೇ ನಮ್ಮನ್ನು ಕಾಯುತ್ತಿತ್ತು.

ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಪಕ್ಷಿಯಿದು. ನಮ್ಮ ಆಲಸ್ಯವನ್ನು ಅದು ತಾಳಲಾರದು. ಮುಂದಿನ ಸಲ ನಿಮ್ಮ ಹಸುವಿಗೆ ಚುಚ್ಚುಮದ್ದು ಕೊಡುವಾಗ ‘ಇದು ಯಾವ ಔಷಧಿ?’ ಎಂದು ಕೇಳಿ. ಔಷಧಿ ಪಡೆದು ಸತ್ತ ದನವನ್ನು ಬಯಲಿಗೆಸೆಯದೆ ಹೂಳಿ. ಸೃಷ್ಟಿಯನ್ನು ಪ್ರೀತಿಸುತ್ತೇವೆಂಬ ನಮ್ಮ ಮಾತು ನಿಜವೋ ಸುಳ್ಳೋ ಎಂಬುದು ತಿಳಿಯುವುದು ಅಲ್ಲಿಯೇ.