ಕಪ್ಪು ಗಾಲಿಯ ಹೊಳಪನ್ನು ಕಾಪಾಡುವ ಬಗೆ



ಗುಬ್ಬಿಯ ಸಹೋದರಿಯೊಬ್ಬರು ಪತ್ರ ಬರೆದು ಒಂದು ಪ್ರಶ್ನೆಯನ್ನು ಕೇಳಿದ್ದಾರೆ. ಅವರ ಮನೆಗೆ ಹೊಸ ಕಾರು ಬಂದು ಎಂಟು ತಿಂಗಳಾಯಿತು. ಅದರ ಗಾಲಿಗಳು ಕನ್ನಡಿಯಂತೆ ಹೊಳೆಯುವ ಕಡುಗಪ್ಪು ಬಣ್ಣದವು. ಈಗ ಅವುಗಳ ಮೇಲೆ ಬಿಳಿಯ ಚುಕ್ಕೆಗಳೂ ನವುರಾದ ಗೀರುಗಳೂ ಮೂಡಿವೆ. ವಾಟರ್ ಸರ್ವೀಸ್ ಅಂಗಡಿಯವರು ‘ಆ್ಯಸಿಡ್ ಹಾಕಿದರೆ ಹೋಗುತ್ತದೆ’ ಎಂದು ಹೇಳಿದ್ದಾರಂತೆ. ಹಾಕಿಸಬಹುದೇ ಎಂಬುದು ಸಹೋದರಿಯವರ ಸಂದೇಹ. ಹಾಕಿಸಲೇಬಾರದು. ಏಕೆಂಬುದನ್ನು ತುಸು ವಿವರವಾಗಿ ತಿಳಿಸುವುದು ಒಳ್ಳೆಯದು. ಇಂಥ ಗಾಲಿಯ ಕಾರುಗಳು ಇಂದು ತುಮಕೂರಿನ ಬೀದಿಬೀದಿಯಲ್ಲಿಯೂ ಕಾಣುತ್ತವೆ.

ನಮ್ಮ ಹಿರಿಯರ ಎತ್ತಿನಗಾಡಿಗಳಿಗೂ ಕಪ್ಪು ಅಂಟಿತ್ತು. ಅದು ಅಚ್ಚಿಗೆ ಹಾಕಿದ ಕೀಲೆಣ್ಣೆಯ ಕಪ್ಪು. ಎಷ್ಟು ಹೆಚ್ಚಾದರೂ ಗಾಡಿಗೆ ಹಾನಿಯಿರಲಿಲ್ಲ. ಇಂದಿನ ಗಾಲಿಯ ಕಪ್ಪು ಬೇರೆಯೇ ಬಗೆಯದು. ಒಳಗಿರುವುದು ಅಲ್ಯೂಮಿನಿಯಂ ಮಿಶ್ರಲೋಹ. ಅದರ ಮೇಲೆ ಲೋಹವನ್ನು ಹಿಡಿದುಕೊಳ್ಳುವ ತಳಲೇಪ, ಅದರ ಮೇಲೆ ಕಪ್ಪು ಬಣ್ಣ, ಎಲ್ಲಕ್ಕಿಂತ ಮೇಲೆ ಪಾರದರ್ಶಕವಾದ ಲ್ಯಾಕರ್. ನಾವು ಮೆಚ್ಚುವ ಹೊಳಪು ಬಣ್ಣದ್ದಲ್ಲ, ಈ ಮೇಲಿನ ತೆಳುಪದರದ್ದು. ಇವೆಲ್ಲ ಕೂಡಿದರೂ ಒಂದೆರಡು ತಲೆಗೂದಲಿನಷ್ಟೇ ದಪ್ಪ. ಆದುದರಿಂದ ಗಾಲಿಯನ್ನು ಕಾಪಾಡುವುದೆಂದರೆ ಆ ತೆಳುಪದರವನ್ನು ಕಾಪಾಡುವುದು ಎಂದೇ ತಿಳಿಯಬೇಕು. ನನ್ನ ಅಭಿಪ್ರಾಯವನ್ನು ಕೇಳಿದರೆ, ನಮ್ಮ ಸೀಮೆಯ ಕೆಂಧೂಳಿಗೆ ಬೆಳ್ಳಿಬಣ್ಣದ ಗಾಲಿಯೇ ಲೇಸು. ಆದರೆ ಮನೆಯ ಮಕ್ಕಳು ಆರಿಸಿ ತಂದ ಮೇಲೆ ಹಿರಿಯರು ಹೇಳುವುದೇನಿದೆ!

ಬಿಳಿಯ ಚುಕ್ಕೆಗಳಿಗೆ ಕಾರಣ ನಮ್ಮ ಕೊಳವೆಬಾವಿಯ ನೀರು. ನೀರು ಕಾಯಿಸುವ ಹಂಡೆಯ ಒಳಮೈಗೆ ಬೆಳ್ಳನೆಯ ಗಡಸು ಪದರ ಕಟ್ಟುವುದನ್ನು ಗೃಹಿಣಿಯರೆಲ್ಲರೂ ಬಲ್ಲರು. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಲವಣಗಳೇ ಅದಕ್ಕೆ ಮೂಲ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಮ್ ಮೀರದಿರುವುದು ಒಳಿತೆಂದೂ, ಬೇರೆ ನೀರು ದೊರೆಯದ ಕಡೆ 600ರವರೆಗೆ ಇರಬಹುದೆಂದೂ ಭಾರತೀಯ ಮಾನಕ ಬ್ಯೂರೋ ಹೇಳುತ್ತದೆ. ನಮ್ಮ ಜಿಲ್ಲೆಯ ಆಳವಾದ ಕೊಳವೆಬಾವಿಗಳ ನೀರು ಎಷ್ಟು ಗಡಸೆಂಬುದನ್ನು ಸೋಪಿನಲ್ಲಿ ನೊರೆ ಬರದಿರುವುದೇ ಸಾರುತ್ತದೆ. ಅದೇ ನೀರು ಬಿಸಿಯಾದ ಗಾಲಿಯ ಮೇಲೆ ಬಿದ್ದು ಕ್ಷಣದಲ್ಲಿ ಆರಿದಾಗ, ಪ್ರತಿಯೊಂದು ಹನಿಯೂ ಸುಣ್ಣದ ಒಂದು ಉಂಗುರವನ್ನು ಬಿಟ್ಟುಹೋಗುತ್ತದೆ. ಬೆಳ್ಳಿಬಣ್ಣದಲ್ಲಿ ಅದು ಕಣ್ಣಿಗೆ ಬೀಳದು, ಕಪ್ಪಿನಲ್ಲಿ ಎದ್ದು ಕಾಣುತ್ತದೆ.

ತುಮಕೂರು ನಗರದವರಿಗೆ ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿಯ ನೀರಿದೆ. ನದಿಯ ನೀರು ಕೊಳವೆಬಾವಿಯ ನೀರಿಗಿಂತ ಮೆದು. ಹಾಗೆಂದು ಕುಡಿಯುವ ನೀರಿನ ನಲ್ಲಿಗೆ ಪೈಪು ಸಿಕ್ಕಿಸಿ ಕಾರು ತೊಳೆಯಿರೆಂದು ನಾನು ಹೇಳಲಾರೆ. ಕೊಳವೆಬಾವಿಯ ನೀರಿನಿಂದಲೇ ತೊಳೆದು, ಕೊನೆಯಲ್ಲಿ ಮಾತ್ರ ಗಾಲಿಗೊಂದು ತಂಬಿಗೆ ಮೆದುನೀರು ಹಾಕಿ, ಹನಿ ಆರುವ ಮೊದಲೇ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಮಳೆಗಾಲದಲ್ಲಿ ತಾರಸಿಯಿಂದ ಹಿಡಿದಿಟ್ಟ ಮಳೆನೀರು ಇದಕ್ಕೆ ಎಲ್ಲಕ್ಕಿಂತ ಉತ್ತಮ.

ತೊಳೆಯಲು ಬೆಳಗಿನ ತಂಪುಹೊತ್ತೇ ಸರಿ. ಪ್ರಯಾಣ ಮುಗಿಸಿ ಬಂದ ಕೂಡಲೇ ನೀರು ಹಾಕಬಾರದು. ಗಾಲಿಯನ್ನು ಅಂಗೈಯಿಂದ ಮುಟ್ಟಿ ನೋಡಿ, ತಣ್ಣಗಾದ ಮೇಲೆ ತೊಡಗಬೇಕು. ಮೊದಲು ಬರಿಯ ನೀರನ್ನು ಧಾರಾಳವಾಗಿ ಹಾಯಿಸಿ ಧೂಳನ್ನು ಕಳೆಯಬೇಕು. ಒಣಧೂಳಿನ ಮೇಲೆ ಬಟ್ಟೆಯಾಡಿಸುವುದೂ ಮರಳುಕಾಗದದಿಂದ ಉಜ್ಜುವುದೂ ಒಂದೇ. ಸಹೋದರಿಯವರು ಬರೆದಿರುವ ಗೀರುಗಳು ಬಹುಶಃ ಹೀಗೆಯೇ ಬಂದವು. ಬಳಿಕ ಕಾರು ತೊಳೆಯುವ ಸೌಮ್ಯವಾದ ಶಾಂಪೂ ಬೆರೆಸಿದ ನೀರಿನಲ್ಲಿ ಬಟ್ಟೆಯನ್ನದ್ದಿ, ಒತ್ತದೆ ತೊಳೆಯಬೇಕು. ಗಾಲಿಗೆ ಬಳಸಿದ ಬಟ್ಟೆ, ಬಕೆಟ್ಟುಗಳನ್ನು ಕಾರಿನ ಮೈಗೆ ಬಳಸಕೂಡದು. ಪಾತ್ರೆ ತಿಕ್ಕುವ ಸ್ಟೀಲಿನ ಉಂಡೆ, ತೆಂಗಿನ ನಾರು, ಪಾತ್ರೆಯ ಪುಡಿ ಇವು ಅಡುಗೆಮನೆಯಲ್ಲಿಯೇ ಇರಲಿ.

ಮುಂದಿನ ಗಾಲಿಗಳೇ ಬೇಗ ಕೊಳೆಯಾಗುವುದಕ್ಕೂ ಕಾರಣವಿದೆ. ಬ್ರೇಕ್ ಒತ್ತಿದಾಗ ಭಾರವು ಮುಂದಕ್ಕೆ ಜಗ್ಗುವುದರಿಂದ ಮುಂದಿನ ಬ್ರೇಕುಗಳಿಗೆ ಕೆಲಸ ಹೆಚ್ಚು. ಪ್ಯಾಡು ಮತ್ತು ಡಿಸ್ಕುಗಳು ಸವೆದು, ಕಾದ ಕಬ್ಬಿಣದ ಕಣಗಳು ಹಾರಿ ಲ್ಯಾಕರಿಗೆ ಕಚ್ಚಿಕೊಂಡು, ನೀರು ತಗುಲಿದಾಗ ತುಕ್ಕು ಹಿಡಿಯುತ್ತವೆ. ಕಿತ್ತಳೆಬಣ್ಣದ ಸಣ್ಣ ಚುಕ್ಕೆಗಳೆಂದರೆ ಇವೇ. ಹದಿನೈದು ದಿನಕ್ಕೊಮ್ಮೆ ತೊಳೆದು, ಎರಡು ಮೂರು ತಿಂಗಳಿಗೊಮ್ಮೆ ಮೇಣವನ್ನು ತೆಳುವಾಗಿ ಹಚ್ಚಿದರೆ ಕಣಗಳು ಅಷ್ಟು ಸುಲಭವಾಗಿ ಕಚ್ಚುವುದಿಲ್ಲ. ಸುಣ್ಣದ ಚುಕ್ಕೆಗಳಿಗೆ, ಸಮಪಾಲು ನೀರು ಬೆರೆಸಿದ ವಿನೆಗರ್‌ನಲ್ಲಿ ಬಟ್ಟೆಯನ್ನದ್ದಿ, ಒಂದು ನಿಮಿಷ ಇಟ್ಟು, ಕೂಡಲೇ ಚೆನ್ನಾಗಿ ತೊಳೆಯಬೇಕು. ಲ್ಯಾಕರ್ ಎದ್ದು ಲೋಹ ಕಾಣುತ್ತಿರುವ ಕಡೆ ಇದನ್ನೂ ಮಾಡಬಾರದು.

ಆ್ಯಸಿಡ್ಡಿನ ಮಾತಿಗೆ ಬರೋಣ. ಶೌಚಾಲಯ ತೊಳೆಯುವ ಆಮ್ಲವಿರಲಿ, ಗಾಲಿಗೆಂದೇ ಮಾರುವ ಬಲವಾದ ಆಮ್ಲವಿರಲಿ, ಮೊದಲ ದಿನ ಹೊಳಪು ಕೊಟ್ಟಂತೆ ಕಾಣುತ್ತದೆ. ಲ್ಯಾಕರಿನಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೆ ಅದರೊಳಗಿಳಿದು ಅಲ್ಯೂಮಿನಿಯಮ್ಮನ್ನು ಕೊರೆಯುತ್ತದೆ. ಬಣ್ಣ ಹೊಪ್ಪಳೆಯಾಗಿ ಏಳುತ್ತದೆ. ಗಾಲಿಯಾದರೆ ಹಣ ಕೊಟ್ಟು ಇನ್ನೊಂದನ್ನು ತರಬಹುದು. ಇಂಥ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲವಿರುತ್ತದೆ. ಅದು ಚರ್ಮದ ಮೂಲಕ ಒಳಗಿಳಿದು ದೇಹದ ಕ್ಯಾಲ್ಸಿಯಮ್ಮನ್ನು ಹಿಡಿದುಕೊಳ್ಳುತ್ತದೆ, ಮೂಳೆಯವರೆಗೂ ಹಾನಿ ಮಾಡಬಲ್ಲದು. ದ್ರಾವಣ ತೆಳುವಾಗಿದ್ದರೆ ನೋವು ಕೆಲವು ಗಂಟೆಗಳ ನಂತರವಷ್ಟೇ ತಿಳಿಯಬಹುದು. ಆ ಅಂಗಡಿಗಳಲ್ಲಿ ಬರಿಗೈಯಿಂದ ಗಾಲಿ ಉಜ್ಜುವವರು ಯಾರದೋ ಮನೆಯ ಹದಿಹರೆಯದ ಹುಡುಗರು. ನಮ್ಮ ಗಾಲಿಯ ಒಂದು ಚುಕ್ಕೆಗಾಗಿ ಆ ಕೈಗಳನ್ನು ಅಪಾಯಕ್ಕೊಡ್ಡುವುದು ತರವಲ್ಲ. ‘ಆ್ಯಸಿಡ್ ಬೇಡ, ಶಾಂಪೂ ಸಾಕು’ ಎಂದು ಕಾರು ಬಿಡುವಾಗಲೇ ಹೇಳಿಬಿಡಿ.

ಹೊಸ ವಾಹನ ಕೊಂಡವರು ಕುಣಿಗಲ್ ದಾರಿಯಾಗಿ ಯಡಿಯೂರಿಗೆ ಹೋಗಿ ಸಿದ್ಧಲಿಂಗೇಶ್ವರರ ಸನ್ನಿಧಿಯಲ್ಲಿ ಪೂಜೆ ಮಾಡಿಸುವುದು ನಮ್ಮ ಕಡೆಯ ವಾಡಿಕೆ. ಗಾಲಿಗೆ ವಿಭೂತಿ, ಕುಂಕುಮ ಹಚ್ಚುವುದೂ, ಅಡಿಯಲ್ಲಿ ನಿಂಬೆಹಣ್ಣನ್ನಿಡುವುದೂ, ಕಾಯಿ ಒಡೆಯುವುದೂ ಉಂಟು. ಅದಕ್ಕೆ ಅಡ್ಡಿಯಿಲ್ಲ. ಆದರೆ ನಿಂಬೆರಸ ಹುಳಿ, ಎಳನೀರಿನಲ್ಲಿ ಸಕ್ಕರೆಯೂ ಲವಣವೂ ಇವೆ. ಎರಡೂ ಬಿಸಿಗಾಲಿಯ ಮೇಲೆ ಒಣಗಿದರೆ ಕಲೆ ನಿಲ್ಲುತ್ತದೆ. ಊರಿಗೆ ಮರಳಿದ ಮರುದಿನ ಬೆಳಿಗ್ಗೆ ನೀರು ಹಾಯಿಸಿ ತೊಳೆಯಿರಿ. ಒಣ ವಿಭೂತಿಯನ್ನು ಬಟ್ಟೆಯಿಂದ ಉಜ್ಜಿ ತೆಗೆಯಬೇಡಿ.

ತೆಂಗಿನ ಸೀಮೆಯವರಾದ ನಮ್ಮಲ್ಲಿ ಇನ್ನೊಂದು ಅಭ್ಯಾಸವಿದೆ. ಕಪ್ಪು ಇನ್ನಷ್ಟು ಮಿನುಗಲೆಂದು ಗಾಲಿಗೂ ಟಯರಿಗೂ ಕೊಬ್ಬರಿ ಎಣ್ಣೆ ಸವರುತ್ತಾರೆ. ಗುಬ್ಬಿಯಿಂದ ನಿಟ್ಟೂರು ಮುಟ್ಟುವಷ್ಟರಲ್ಲಿ ಆ ಎಣ್ಣೆಗೆ ರಸ್ತೆಯ ಧೂಳೆಲ್ಲ ಅಂಟಿರುತ್ತದೆ, ರಬ್ಬರಿಗೂ ಎಣ್ಣೆ ಒಳ್ಳೆಯದಲ್ಲ. ಅಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಗಾಲಿಯ ಕಿಂಡಿಗಳ ಮೂಲಕ ಎಣ್ಣೆ ಒಳಗಿನ ಬ್ರೇಕ್ ಡಿಸ್ಕಿಗೆ ತಗುಲಿದರೆ ಬ್ರೇಕಿನ ಹಿಡಿತವೇ ಕಡಿಮೆಯಾಗುತ್ತದೆ. ಹೆದ್ದಾರಿಯಲ್ಲಿ ಲಾರಿಯ ಹಿಂದೆ ಹೋಗುವಾಗ ಅದು ತಿಳಿಯುವುದು ಬೇಡ.

ಹಳೆಯ ಗಾಲಿಗೆ ಹೊಸದಾಗಿ ಕಪ್ಪು ಬಳಿಸುವವರು ಇದನ್ನು ಗಮನಿಸಬೇಕು. ಬಣ್ಣವು ಬಿರುಕನ್ನು ಮುಚ್ಚುತ್ತದೆಯೇ ಹೊರತು ಬೆಸೆಯುವುದಿಲ್ಲ. ಗುಂಡಿಗೆ ಬಿದ್ದು ಪೆಟ್ಟಾದ ಗಾಲಿಯನ್ನು ಮೊದಲು ಟಯರು ಬಿಚ್ಚಿಸಿ, ಒಳಮೈಯನ್ನು ಬೆಳಕಿನಲ್ಲಿ ನೋಡಿಸಿ. ಗಾಳಿ ಪದೇಪದೇ ಇಳಿಯುತ್ತಿದ್ದರೂ ಪಂಕ್ಚರ್ ಸಿಕ್ಕದಿದ್ದರೆ ಬಿರುಕಿನ ಅನುಮಾನ ಬರಬೇಕು. ಬಿರುಕನ್ನು ವೆಲ್ಡಿಂಗ್ ಮಾಡಿಸಿ ಮೇಲೆ ಬಣ್ಣ ಹೊಡೆದ ಗಾಲಿಯನ್ನು, ಎಷ್ಟು ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ. ಆ ಕಾವಿಗೆ ಲೋಹದ ಬಲ ಕುಗ್ಗಿರುತ್ತದೆ. ನಟ್ಟು ಕೂರುವ ಕುಳಿಗೂ, ಗಾಲಿಯು ಹಬ್ಬಿಗೆ ಒತ್ತಿಕೊಳ್ಳುವ ಹಿಂಬದಿಗೂ ಬಣ್ಣ ಬಳಿಯಕೂಡದೆಂದು ಪೇಂಟರಿಗೆ ಮೊದಲೇ ತಿಳಿಸಬೇಕು. ಅಲ್ಲಿನ ದಪ್ಪಬಣ್ಣ ಓಟದಲ್ಲಿ ನುಗ್ಗಾಗಿ ನಟ್ಟುಗಳು ಸಡಿಲಗೊಳ್ಳುತ್ತವೆ. ಗಾಲಿ ಬಿಚ್ಚಿ ಹಾಕಿಸಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿಸಿ, ಎಂದರೆ ತುಮಕೂರಿನಿಂದ ಕುಣಿಗಲ್‌ಗೆ ಒಮ್ಮೆ ಹೋಗಿ ಬಂದಷ್ಟು, ವಾಹನದ ಕೈಪಿಡಿಯಲ್ಲಿ ಹೇಳಿರುವ ಬಿಗಿಗೆ ನಟ್ಟುಗಳನ್ನು ಮತ್ತೊಮ್ಮೆ ನೋಡಿಸಿಕೊಳ್ಳಿ.