ಗಣಕಕ್ಕೂ ಬೇಕು ಮುಯ್ಯಾಳು



ಕಾಫಿ, ಅಡಿಕೆಗಳ ಈ ಪತ್ರಿಕೆಯಲ್ಲಿ ಕಲಬುರಗಿಯ ಮಾತೇಕೆ ಎಂದು ತಾವು ಕೇಳಬಹುದು. ಅದು ತೊಗರಿ, ಜೋಳಗಳ ಸೀಮೆ. ಆದರೆ ಕಲಬುರಗಿ ನಗರದಿಂದ ಹುಮನಾಬಾದ್ ಹಾದಿ ಹಿಡಿದರೆ ಸಿಗುವ ಕಮಲಾಪುರದಲ್ಲಿ ನಮ್ಮಂತೆಯೇ ತೋಟವನ್ನು ನಂಬಿದವರಿದ್ದಾರೆ. ಅವರದು ಕೆಂಪು ಸಿಪ್ಪೆಯ ಬಾಳೆ, ಭೌಗೋಳಿಕ ಸೂಚಕದ ಮನ್ನಣೆ ಪಡೆದದ್ದು. ಬೇರೆ ಬಾಳೆಗಿಂತ ತಡವಾಗಿ ಗೊನೆ ಕೊಡುವ ಬೆಳೆಯಾದ್ದರಿಂದ ಅಡಿಕೆಯವನಿಗಿರುವಷ್ಟಲ್ಲದಿದ್ದರೂ ತಕ್ಕಮಟ್ಟಿನ ತಾಳ್ಮೆ ಅವರಿಗೂ ಬೇಕು. ಕಾಫಿಗಿರುವಂಥ ಮಂಡಳಿ ಬಾಳೆಗಿಲ್ಲ. ಅಡಿಕೆ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೊ ಕಟ್ಟಿಕೊಂಡಂತೆ ಬೆಳೆಗೊಂದು ದೊಡ್ಡ ಆಸರೆ ಅಲ್ಲಿ ಕಾಣುವುದಿಲ್ಲ.

ಬೆಳೆ ಬೇರೆಯಾದರೂ ಅವರೆದುರಿಗೂ ನಮ್ಮೆದುರಿಗೂ ಇಂದು ಕುಳಿತಿರುವ ಗುಮಾಸ್ತ ಒಬ್ಬನೇ. ಅವನೇ ಗಣಕಯಂತ್ರ. ಪಹಣಿಯನ್ನು ಕೈಬರಹದಿಂದ ಗಣಕಕ್ಕೆ ಏರಿಸಿದ 'ಭೂಮಿ' ಯೋಜನೆ 2002ರ ಹೊತ್ತಿಗೆ ರಾಜ್ಯದ ಎಲ್ಲ ತಾಲ್ಲೂಕುಗಳಿಗೂ ಬಂತು. ಆಮೇಲೆ 'ಫ್ರೂಟ್ಸ್' ಎಂಬ ರೈತ ನೋಂದಣಿ ಬಂತು. 2020ರ ಮುಂಗಾರಿನಿಂದ ರೈತನೇ ತನ್ನ ಬೆಳೆಯ ಚಿತ್ರ ತೆಗೆದು ಸಮೀಕ್ಷೆಗೆ ಏರಿಸುವ ಏರ್ಪಾಡೂ ಆಯಿತು. ಏರಿಸಿದ್ದು ಸರಿಯಿದೆಯೇ ಎಂದು ನೋಡಿ ಆಕ್ಷೇಪಣೆ ಸಲ್ಲಿಸಲು 'ಬೆಳೆ ದರ್ಶಕ' ಇದೆ. ಏರ್ಪಾಡು ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಪಹಣಿಯ ಒಂದು ಪ್ರತಿಗಾಗಿ ಗ್ರಾಮ ಲೆಕ್ಕಿಗರ ಮನೆಬಾಗಿಲು ಕಾದವರಿಗೆ ಇದರ ಬೆಲೆ ಗೊತ್ತು.

ಆದರೆ ತೋಟದಲ್ಲಿ ಅಡಿಕೆ, ಮೆಣಸು ಇದ್ದು ಸಮೀಕ್ಷೆಯಲ್ಲಿ ಬೇರೇನೋ ನಮೂದಾದರೆ ನಷ್ಟ ಯಾರಿಗೆ? ಹವಾಮಾನ ಆಧಾರಿತ ವಿಮೆಗೆ ಬರೆಸಿದ ಬೆಳೆಯೂ ಸಮೀಕ್ಷೆಯ ಬೆಳೆಯೂ ತಾಳೆಯಾಗದೆ ಅರ್ಜಿ ತಿರಸ್ಕೃತವಾಗುವುದುಂಟು. ಕಲಬುರಗಿಯ ಕಡೆಯಲ್ಲೂ ಇದೇ ಕಥೆ. 2022ರಲ್ಲಿ ಅಲ್ಲಿನ ತೊಗರಿಗೆ ನೆಟೆ ರೋಗ ಬಿದ್ದು, ನಿಂತ ಪೈರು ನಿಂತಲ್ಲೇ ಒಣಗಿತು. ಸರಕಾರ ಪರಿಹಾರವನ್ನೇನೋ ಸಾರಿತು. ಆದರೆ ಈ ಕಾಲದ ಪರಿಹಾರ ರೈತನ ಮುಖ ನೋಡಿ ಬರುವುದಿಲ್ಲ. ಪಹಣಿ, ಆಧಾರ್, ಬ್ಯಾಂಕಿನ ಖಾತೆ ಇವು ಒಂದಕ್ಕೊಂದು ಹೊಂದಿದರೆ ಬರುತ್ತದೆ. ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೂ ಅಲೆದಾಟ ತಪ್ಪಿದ್ದಲ್ಲ.

ಕಾಫಿ ಬೆಳೆಗಾರರಿಗೆ ಇನ್ನೊಂದು ಬಂದಿದೆ. ಕಾಡು ಕಡಿದ ನೆಲದ ಕಾಫಿ ತಮಗೆ ಬೇಡವೆಂದು ಐರೋಪ್ಯ ಒಕ್ಕೂಟ 2023ರಲ್ಲಿ ಕಾನೂನು ಮಾಡಿತು. ಜಾರಿಯ ದಿನ ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹೋಗಿದೆಯಾದರೂ ಕಾನೂನು ಹೋಗಿಲ್ಲ. ಅದರಂತೆ ಕಾಫಿ ಬೆಳೆದ ತಾಕಿನ ಅಕ್ಷಾಂಶ ರೇಖಾಂಶ ಬೇಕು. 4 ಹೆಕ್ಟೇರಿಗಿಂತ ದೊಡ್ಡ ತಾಕಾದರೆ ಸುತ್ತಿನ ಎಲ್ಲೆಯನ್ನೂ ಗುರುತಿಸಬೇಕು. ನಮ್ಮ ಸದಸ್ಯರಲ್ಲಿ ಹೆಚ್ಚಿನವರಿಗೆ ಒಂದು ಬಿಂದು ಸಾಕಾದೀತು. ಆದರೆ ಆ ಬಿಂದು ಹಾಕುವವರು ಯಾರು?

ಕಲಬುರಗಿ ನಗರದಲ್ಲಿ ಗಣಕ ಬಲ್ಲವರಿಗೆ ಕೊರತೆಯಿಲ್ಲ. 1958ರಷ್ಟು ಹಿಂದೆಯೇ ಆರಂಭವಾದ ಪಿ.ಡಿ.ಎ. ಇಂಜಿನಿಯರಿಂಗ್ ಕಾಲೇಜಿದೆ, 1980ರ ವಿಶ್ವವಿದ್ಯಾಲಯವಿದೆ. ಕಮಲಾಪುರಕ್ಕೆ ಒಂದು ಬಸ್ಸಿನ ಪ್ರಯಾಣ. ಆದರೂ ನಗರದ ವಿದ್ಯೆ ತಾನಾಗಿ ಬಸ್ಸು ಹತ್ತಿ ತೋಟಕ್ಕೆ ಬರುವುದಿಲ್ಲ. ನಮ್ಮ ಪುತ್ತೂರು, ಮೂಡಿಗೆರೆ, ಕೊಪ್ಪಗಳ ಸ್ಥಿತಿಯೂ ಇದೇ. ನಡುವೆ ಇರುವುದು ಪೇಟೆಯ ಗಣಕದಂಗಡಿ. ಅಲ್ಲಿ ನಾವು ಫೋನನ್ನೇ ಕೈಗೆ ಕೊಟ್ಟು, ಬಂದ ಗುಪ್ತಸಂಖ್ಯೆಯನ್ನು ಗಟ್ಟಿಯಾಗಿ ಓದಿ ಹೇಳಿ, ಐವತ್ತೋ ನೂರೋ ತೆತ್ತು ಬರುತ್ತೇವೆ. ಅಂಗಡಿಯವ ಪ್ರಾಮಾಣಿಕನೇ ಇರಬಹುದು. ತಿಜೋರಿಯ ಬೀಗದ ಕೈಯನ್ನು ಪ್ರಾಮಾಣಿಕನಿಗಾದರೂ ಕೊಟ್ಟು ಬರುವ ವಾಡಿಕೆ ನಮ್ಮ ಹಿರಿಯರಲ್ಲಿ ಇರಲಿಲ್ಲ.

ಆದುದರಿಂದ ಪ್ರತಿ ಸಹಕಾರಿ ಸಂಘದ ಆಶ್ರಯದಲ್ಲಿ ಒಂದೊಂದು ಗಣಕ ಕೂಟ ಆರಂಭವಾಗಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ತರಗತಿಯಲ್ಲ, ಕೂಟ. ಬಡಗಣ ಸೀಮೆಯಲ್ಲೂ ಮಲೆನಾಡಿನಲ್ಲೂ ಮುಯ್ಯಾಳು ಎಂಬ ಪದ್ಧತಿ ಇತ್ತು: ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಇದೂ ಅದೇ. ಪಹಣಿ ತೆಗೆಯಲು ಬಲ್ಲವರು ಅದನ್ನು ಹೇಳಿಕೊಡಲಿ, ಧಾರಣೆ ನೋಡಲು ಬಲ್ಲವರು ಇದನ್ನು.

ಇದು ಹೊಸ ಕಲ್ಪನೆಯೂ ಅಲ್ಲ. 1975ರ ಮಾರ್ಚಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕೆಲವರು ಒಬ್ಬರ ಮನೆಯ ಕಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ ಸೇರಿದರು. ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಎಂದು ಅದಕ್ಕೆ ಹೆಸರಾಯಿತು. ಸ್ಟೀವ್ ವೋಜ್ನಿಯಾಕ್ ಎಂಬ ತರುಣ ತಾನು ರಚಿಸಿದ ಗಣಕದ ನಕ್ಷೆಯನ್ನು ಅಲ್ಲಿ ಎಲ್ಲರಿಗೂ ಉಚಿತವಾಗಿ ಹಂಚಿದ. ಆಪಲ್ ಕಂಪನಿ ಹುಟ್ಟಿದ್ದು ಆಮೇಲೆ, 1976ರಲ್ಲಿ. ಇನ್ನು ನಮ್ಮವರೇ ಆದ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಕಾಫಿ ತೋಟದಲ್ಲಿದ್ದುಕೊಂಡೇ ಕನ್ನಡ ತಂತ್ರಾಂಶಕ್ಕಾಗಿ ಎಷ್ಟು ಓಡಾಡಿದರೆಂಬುದನ್ನು ಬಲ್ಲವರು ಬಲ್ಲರು. ಬೆಳೆಗಾರನಿಗೂ ಗಣಕಕ್ಕೂ ಎಣ್ಣೆ ಸೀಗೆಕಾಯಿ ಎನ್ನುವವರು ಇದನ್ನು ನೆನೆಯಲಿ.

ಕೂಟಕ್ಕೆ ಬೇಕಾದುದು ಬಹಳವಿಲ್ಲ. ಹದಿನೈದು ದಿನಕ್ಕೊಂದು ಸಂಜೆ, ಒಂದು ಮೇಜು, ಒಂದು ಗಣಕ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸಲು ಕೇಂದ್ರ ಸರಕಾರ 2022ರಲ್ಲಿ 2,516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿದೆ. ಆದರೆ ಸಂಘದ ಲೆಕ್ಕಪತ್ರವಿರುವ ಗಣಕವನ್ನು ಕೂಟಕ್ಕೆ ಮುಟ್ಟಗೊಡಬಾರದು. ಕಾರ್ಯದರ್ಶಿಗಳು ಇದರಲ್ಲಿ ದಾಕ್ಷಿಣ್ಯ ಮಾಡಬೇಕಾಗಿಲ್ಲ. ಬೇರೊಂದು ಹಳೆಯ ಯಂತ್ರ ಸಾಕು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ, ಗಣಕವಿರುವ ಕಡೆ ಅಲ್ಲಿಯೂ ಸೇರಬಹುದು. ಕಮಲಾಪುರದಂಥ ಊರಿಗೆ ನಾವು ಸೂಚಿಸುವುದೂ ಇದನ್ನೇ.

ಒಂದು ಕಟ್ಟುಪಾಡು ಮಾತ್ರ ಕಡ್ಡಾಯವಾಗಿರಲಿ. ಕಲಿಸುವವನು ಕಲಿಯುವವನ ಫೋನನ್ನು ಮುಟ್ಟಕೂಡದು. ಬೆರಳು ಯಜಮಾನನದೇ ಆಗಬೇಕು, ಅರ್ಧ ಗಂಟೆಯಾದರೂ ಸರಿಯೇ. ಬಗೆಹರಿದ ತೊಡಕನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು, ತಿಳಿಗನ್ನಡದಲ್ಲಿ. ಕಲಬುರಗಿಯ ಕಡೆ ಉರ್ದು, ಮರಾಠಿ, ತೆಲುಗು ಆಡುವವರೂ ಇರುವುದರಿಂದ ಮಾತು ಯಾವುದಾದರೂ ಇರಲಿ.

"ಮಗ ಬೆಂಗಳೂರಿನಲ್ಲಿದ್ದಾನೆ, ಅವನೇ ಮಾಡಿಕೊಡುತ್ತಾನೆ" ಎಂಬ ಮಾತು ನಮ್ಮಲ್ಲಿ ಧಾರಾಳವಾಗಿ ಕೇಳುತ್ತದೆ. ಕಮಲಾಪುರದ ಕಡೆಯಲ್ಲಿ ಬೆಂಗಳೂರಿನ ಬದಲು ಪುಣೆ, ಹೈದರಾಬಾದ್ ಎನ್ನಬಹುದು. ಮಗ ಮಾಡಿಕೊಡಲಿ, ಸಂತೋಷ. ಆದರೆ ಬೆಳೆಯ ಚಿತ್ರವನ್ನು ತೋಟದಲ್ಲಿ ನಿಂತೇ ತೆಗೆಯಬೇಕು. ಮಗ ಅಲ್ಲಿದ್ದಾನೆ, ತೋಟ ಇಲ್ಲಿದೆ. ಮನೆಯಲ್ಲಿರುವ ಸೊಸೆಯೋ ಮಗಳೋ ಅನೇಕ ಕಡೆ ನಮಗಿಂತ ಚುರುಕು. ಪಹಣಿ ಗಂಡಸಿನ ಹೆಸರಿನಲ್ಲಿದೆ ಎಂಬ ಕಾರಣಕ್ಕೆ ಕೂಟಕ್ಕೆ ಗಂಡಸರೇ ಬರಬೇಕೆಂದಿಲ್ಲ.

ಮುಂದಿನ ಮಹಾಸಭೆಯಲ್ಲಿ ಈ ಸಂಗತಿಯನ್ನು ಚರ್ಚೆಗೆ ತರಬೇಕೆಂದು ಸದಸ್ಯ ಸಂಘಗಳನ್ನು ಕೋರುತ್ತೇವೆ. ಮೊದಲ ಸಂಜೆಗೆ ಬರುವವರು ಪಹಣಿಯ ಪ್ರತಿ, ಪಾಸ್‌ಬುಕ್ಕು, ಕನ್ನಡಕ ತರಲಿ. ಎ.ಟಿ.ಎಂ. ಚೀಟಿ ಮನೆಯಲ್ಲೇ ಇರಲಿ.